ಉಳಿದ ಹಸಿಯ ಬೆಳೆ: ಎರಡನೆಯ ಕಾದಂಬರಿಯನ್ನು ಕುರಿತು



ಎಳ್ಳ ಅಮಾಸಿ ಮುಗಿದು ಇನ್ನೂ ವಾರ ತುಂಬಿಲ್ಲ. ಇವತ್ತು ಬಸವಕಲ್ಯಾಣದಿಂದ ನಿಮ್ಮ ನಾರಾಯಣಪುರಕ್ಕೆ ಬರುವಾಗ ದಾರಿಯ ಎರಡೂ ಬದಿಗೆ ಜೋಳ ನಿಂತಿತ್ತು, ಕಡಲೆ ಕಾಯಿ ಹಿಡಿಯುತ್ತಿತ್ತು. ಇದೇ ಹೊಲಗಳಲ್ಲಿ ನೀವು ಮುಂಗಾರಿಗೆ ಹೆಸರು, ಉದ್ದು ಬಿತ್ತಿದ್ದಿರಿ, ರಾಶಿಯನ್ನೂ ಮಾಡಿದಿರಿ. ಆಮೇಲೆ ಅದೇ ಎರಿ ಹೊಲಕ್ಕೆ ಮತ್ತೆ ಕುಂಟೆ ಹೊಡೆದು, ಕೂರಿಗೆ ಹೂಡಿ, ಜೋಳ ಬಿತ್ತಿದಿರಿ. ಮುಂಗಾರಿ ಬೆಳೆಯುವುದು ಮೇಲಿನಿಂದ ಬೀಳುವ ಮಳೆಗೆ. ಹಿಂಗಾರಿ ಬೆಳೆಯುವುದು ನೆಲದೊಳಗೆ ಉಳಿದ ಹಸಿಗೆ, ರಾತ್ರಿ ಬೀಳುವ ಇಬ್ಬನಿಗೆ. ಮುಂಗಾರಿ ಬಿತ್ತುವ ಮುನ್ನ ರೈತ ಆಕಾಶ ನೋಡುತ್ತಾನೆ. ಹಿಂಗಾರಿ ಬಿತ್ತುವ ಮುನ್ನ ಮಣ್ಣು ಹಿಡಿದು ನೋಡುತ್ತಾನೆ.

ಇವತ್ತು ನಾನು ಮಾತಾಡಬೇಕಾದ ವಿಷಯ ಎರಡನೆಯ ಕಾದಂಬರಿಯ ಸವಾಲುಗಳು ಮತ್ತು ಅನುಕೂಲಗಳು. ನನ್ನ ಮಾತು ಇಷ್ಟೇ: ಮೊದಲ ಕಾದಂಬರಿ ಮುಂಗಾರಿ ಬೆಳೆ, ಎರಡನೆಯದು ಹಿಂಗಾರಿಯದು. ಮೊದಲನೆಯದು ನೋಡದೆ ಬಿಟ್ಟದ್ದು ಬರೆದವನ ಒಳಗೆ ಹಸಿಯಾಗಿ ಉಳಿದಿರುತ್ತದೆ, ಎರಡನೆಯದು ಅದರ ಮೇಲೆ ಬೆಳೆಯುತ್ತದೆ. ಇದನ್ನು ಕನ್ನಡದ ದೊಡ್ಡ ಕಾದಂಬರಿಕಾರರ ನಿದರ್ಶನದಿಂದ ತೋರಿಸಲು ಪ್ರಯತ್ನಿಸುತ್ತೇನೆ. ನಡುನಡುವೆ ನನ್ನ ಸ್ವಂತ ಅನುಭವವೂ ಬಂದರೆ ದಯವಿಟ್ಟು ಕೇಳಿಸಿಕೊಳ್ಳಬೇಕು.

1. ಕಾಲ ಮತ್ತು ಕೇಳುವವರು

ಮೊದಲ ಕಾದಂಬರಿಗೆ ಬರೆದವನ ಅಷ್ಟೂ ಆಯುಷ್ಯ ಬಂಡವಾಳ. ತಾಯಿ ಹೇಳಿದ ಮಾತು, ಓಣಿಯ ಜಗಳ, ಮೊದಲು ಕಂಡ ಸಾವು, ಎಲ್ಲವೂ ಕೇಳದೆಯೇ ಬಂದು ಸೇರಿರುತ್ತವೆ. ನಾನು ನನ್ನ ಮೊದಲ ಕಾದಂಬರಿಯನ್ನು ಒಂಬತ್ತು ವರ್ಷ ಬರೆದೆ. ಹುಮನಾಬಾದ್ ಕಡೆಯ ಹಳ್ಳಿಯ ಒಬ್ಬ ಹುಡುಗ, ಎಮ್ಮೆ ಕಾಯುತ್ತಿದ್ದವನು, ಒಂದು ನಸುಕಿನಲ್ಲಿ ಹೆದ್ದಾರಿಗೆ ಬಂದು ಹೈದರಾಬಾದಿನ ಬಸ್ಸು ಹತ್ತುವ ಕತೆ ಅದು. ನಮ್ಮ ಭಾಗದ ಎಷ್ಟೋ ಮನೆಗಳ ಕತೆಯೂ ಹೌದು. ನಾನು ಬರೆಯುತ್ತಿದ್ದೇನೆ ಎಂದು ಮನೆಯವರ ಹೊರತು ಯಾರಿಗೂ ಗೊತ್ತಿರಲಿಲ್ಲ. ತಡವಾಯಿತು ಎಂದು ಕೇಳುವವರೇ ಇರಲಿಲ್ಲ.

ಪುಸ್ತಕ ಬಂದ ಮೂರನೆಯ ತಿಂಗಳಿಗೆ ಜನ ಕೇಳತೊಡಗಿದರು: ‘ಮುಂದಿಂದು ಯಾವಾಗ ಬರ್ತದ್ರಿ?’ ಅದು ಪ್ರೀತಿಯ ಪ್ರಶ್ನೆ. ಆದರೆ ಮೂವತ್ತೈದು ವರ್ಷ ಕೂಡಿಟ್ಟದ್ದನ್ನೆಲ್ಲ ಒಂದು ಪುಸ್ತಕಕ್ಕೆ ಸುರಿದವನ ಬಳಿ ಮೂರು ತಿಂಗಳಲ್ಲಿ ಏನು ಕೂಡಿರುತ್ತದೆ? ಬರೆಯಲು ಕೂತರೆ ಹಳೆಯ ಹುಡುಗನೇ ಬೇರೆ ಹೆಸರಿನಲ್ಲಿ ಬರುತ್ತಿದ್ದ. ಹಳೆಯ ನಸುಕು, ಹಳೆಯ ಬಸ್ಸು. ಹಸಿ ಆರಿದ ನೆಲದಲ್ಲಿ ಕೂರಿಗೆ ಹೂಡಿದಂತಿತ್ತು.

ಈ ಸಂಕಟ ನಮ್ಮದು ಮಾತ್ರವಲ್ಲ. ಅಮೆರಿಕದ ರಾಲ್ಫ್ ಎಲಿಸನ್ 1952ರಲ್ಲಿ ‘ಇನ್‌ವಿಸಿಬಲ್ ಮ್ಯಾನ್’ ಬರೆದು ಜಗತ್ತಿಗೆ ಪರಿಚಿತರಾದರು. ಆಮೇಲೆ ಸುಮಾರು ನಾಲ್ಕು ದಶಕ ಎರಡನೆಯದನ್ನು ಬರೆಯುತ್ತಲೇ ಇದ್ದರು. 1967ರಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ಹಸ್ತಪ್ರತಿಯ ಭಾಗ ಸುಟ್ಟಿತು. 1994ರಲ್ಲಿ ಅವರು ತೀರಿಕೊಂಡಾಗ ಕಾದಂಬರಿ ಮುಗಿದಿರಲಿಲ್ಲ. ಅರುಂಧತಿ ರಾಯ್ ಅವರ ಮೊದಲ ಕಾದಂಬರಿ 1997ರಲ್ಲಿ ಬಂದರೆ ಎರಡನೆಯದು 2017ರಲ್ಲಿ, ಸರಿಯಾಗಿ ಇಪ್ಪತ್ತು ವರ್ಷಕ್ಕೆ. ಹಾಗೆಂದು ತಡವಾದದ್ದೆಲ್ಲ ಬರಡುತನವಲ್ಲ. ಮುಂಗಾರಿಯ ರಾಶಿಗೂ ಹಿಂಗಾರಿಯ ಬಿತ್ತಿಗೆಗೂ ನಡುವೆ ಹೊಲ ಖಾಲಿ ಕಾಣುತ್ತದೆ. ಹಸಿ ಒಳಗೆ ಇಳಿಯುವುದು ಆಗಲೇ.

2. ಊರು ಓದಿದ ಮೇಲೆ

ಎರಡನೆಯ ಸವಾಲು ಊರಿನದು. ಬೆಂಗಳೂರಿನಲ್ಲಿ ಬರೆಯುವವನ ನೆರೆಮನೆಯವನು ಅವನ ಕಾದಂಬರಿ ಓದದಿರಬಹುದು. ಹಳ್ಳಿಯಲ್ಲಿ ಹಾಗಲ್ಲ. ಓದದವರಿಗೂ ಓದಿದವರು ಹೇಳುತ್ತಾರೆ. ನನ್ನ ಕಾದಂಬರಿ ಬಂದ ಮೇಲೆ ನಮ್ಮ ಓಣಿಯ ಒಂದು ಮನೆಯವರು ನನ್ನೊಂದಿಗೆ ಮಾತು ಬಿಟ್ಟರು. ಅದರಲ್ಲಿ ಬರುವ ಬದುವಿನ ಜಗಳ ತಮ್ಮದೇ ಎಂದು ಅವರಿಗೆ ಅನಿಸಿತ್ತು. ನಾನು ಬರೆಯುವಾಗ ಅವರನ್ನು ನೆನೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಮನೆಯ ಹಿರಿಯರು ತೀರಿದಾಗ ನಾನು ಅಂಗಳದಲ್ಲಿ ನಿಂತೆ, ಯಾರೂ ಕೂಡ್ರು ಅನ್ನಲಿಲ್ಲ. ಆ ನೋವು ಇವತ್ತಿಗೂ ಇದೆ. ಮೊದಲನೆಯದನ್ನು ಬರೆದಾಗ ಮಾತಿಗೆ ಇಷ್ಟು ಪೆಟ್ಟು ಕೊಡುವ ಶಕ್ತಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಎರಡನೆಯದನ್ನು ಬರೆಯುವವನಿಗೆ ಅದು ಗೊತ್ತಿರುತ್ತದೆ, ಗೊತ್ತಿದ್ದೇ ಬರೆಯಬೇಕು.

ಇದರ ಜೊತೆಗೆ ನಮ್ಮ ಕಲ್ಯಾಣ ಕರ್ನಾಟಕದ ಲೇಖಕರಿಗೆ ಇನ್ನೊಂದು ಕಷ್ಟವಿದೆ. 1948ರವರೆಗೆ ನಮ್ಮ ಈ ಸೀಮೆ ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿ ಉರ್ದು, ಪೇಟೆಯಲ್ಲಿ ಮರಾಠಿ, ತೆಲುಗು, ಮನೆಯಲ್ಲಿ ನಮ್ಮ ಕನ್ನಡ. ಈ ಬೆರಕೆಯಿಂದ ನಮ್ಮ ಬೋಲಿ ಹುಟ್ಟಿದೆ. ಅದರಲ್ಲಿ ಬರೆದ ಮೊದಲ ಕಾದಂಬರಿಗೆ ದೂರದ ವಿಮರ್ಶಕರು ‘ಸೊಗಡು’ ಎಂಬ ಒಂದೇ ಪದದಲ್ಲಿ ಬಹುಮಾನ ಕೊಡುತ್ತಾರೆ. ಅಲ್ಲಿಂದ ಅಪಾಯ ಶುರು. ಎರಡನೆಯದರಲ್ಲಿ ಅವರು ಮತ್ತೆ ಅದೇ ಸೊಗಡನ್ನು ಕೇಳುತ್ತಾರೆ, ಲೇಖಕ ಸೊಗಡು ಒದಗಿಸುವವನಾಗಿಬಿಡುತ್ತಾನೆ. ಆಗ ಪಾತ್ರಗಳು ತಮ್ಮ ಸಂಕಟ ಹೇಳಿಕೊಳ್ಳಲು ಮಾತಾಡುವುದನ್ನು ಬಿಟ್ಟು, ದೂರದವರಿಗೆ ಕೇಳಿಸಲು ಮಾತಾಡತೊಡಗುತ್ತವೆ.

ಈ ಬಲೆಯಿಂದ ಹೊರಬರುವ ದಾರಿಯನ್ನು ದೇವನೂರ ಮಹಾದೇವ ತೋರಿಸಿದ್ದಾರೆ. ‘ಒಡಲಾಳ’ದಲ್ಲಿ ಸಾಕವ್ವನ ಕಳೆದುಹೋದ ಹುಂಜದ ಸುತ್ತ ಒಂದು ಮನೆಯ ಹಸಿವು, ನಗೆ, ಸಿಟ್ಟು ಎಲ್ಲವೂ ಬಂದಿತ್ತು. ಅದನ್ನೇ ಮತ್ತೊಮ್ಮೆ ಬರೆದಿದ್ದರೆ ಓದುಗರು ಮೆಚ್ಚುತ್ತಿದ್ದರು. ಆದರೆ ‘ಕುಸುಮಬಾಲೆ’ಯಲ್ಲಿ ಅವರು ನಂಜನಗೂಡು ಸೀಮೆಯ ಆ ಮಾತನ್ನೇ ಇನ್ನೂ ಆಳಕ್ಕೆ ಒಯ್ದರು. ಸಂಭಾಷಣೆಯಲ್ಲಿದ್ದ ಆಡುಮಾತು ಇಲ್ಲಿ ಕತೆ ಹೇಳುವ ಮನಸ್ಸೇ ಆಯಿತು. ಓದಲು ಕಷ್ಟ ಎಂದವರು ಇದ್ದರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಆ ಕಷ್ಟದ ಪುಸ್ತಕಕ್ಕೇ.

3. ಚೊಚ್ಚಲಿಗೆ ಸಿಗುವ ಆರೈಕೆ

ಚೊಚ್ಚಲ ಬಾಣಂತನ ತವರಿನದು ಎನ್ನುತ್ತೇವೆ. ಸಾಹಿತ್ಯದಲ್ಲಿಯೂ ಹಾಗೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ದತ್ತಿ ಬಹುಮಾನಗಳಲ್ಲಿ ಮಧುರಚೆನ್ನರ ಹೆಸರಿನದು ಲೇಖಕರ ಮೊದಲ ಸ್ವತಂತ್ರ ಕೃತಿಗೆ ಮೀಸಲು. ಇವು ಬಹಳ ಒಳ್ಳೆಯ ಕೆಲಸಗಳು, ನಮ್ಮಂಥ ದೂರದ ತಾಲೂಕುಗಳವರಿಗೆ ಬಾಗಿಲು ತೆರೆದ ಕೆಲಸಗಳು. ಆದರೆ ಎರಡನೆಯ ಕೃತಿಯವನು ಈಗ ಹೊಸಬನೂ ಅಲ್ಲ, ಹಿರಿಯನೂ ಅಲ್ಲ. ಹೊಸಬರ ಸಾಲು ಅವನನ್ನು ಬಿಟ್ಟಿದೆ, ಸಮಗ್ರ ಸಾಧನೆಯ ಸಾಲು ಬಹಳ ದೂರವಿದೆ. ಪ್ರಕಾಶಕರೂ ಲೆಕ್ಕ ಹಾಕುತ್ತಾರೆ: ಮೊದಲನೆಯದರ ಎಷ್ಟು ಪ್ರತಿ ಉಳಿದಿವೆ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಅದು ಹೋಯಿತೆ? ಮೊದಲ ಪುಸ್ತಕ ಹೊರುವ ಆಸೆಯನ್ನು ಎರಡನೆಯದು ಹೊರುವುದಿಲ್ಲ, ಮೊದಲನೆಯದರ ಲೆಕ್ಕವನ್ನು ಹೊರುತ್ತದೆ. ನಮ್ಮ ಭಾಗದಲ್ಲಿ ಒಂದೇ ಕಾದಂಬರಿ ಬರೆದು ನಿಂತುಹೋದವರು ಎಷ್ಟೋ ಜನ. ಅವರಲ್ಲಿ ಬರೆಯುವ ಶಕ್ತಿ ತೀರಿತ್ತು ಎಂದು ನಾನು ನಂಬುವುದಿಲ್ಲ. ಈ ನಡುವಿನ ಹೊಲವನ್ನು ಒಬ್ಬರೇ ದಾಟುವುದು ಕಷ್ಟವಾಯಿತು.

4. ಎರಡನೆಯದು ಎತ್ತ ನೋಡಿತು?

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ಹೆಸರಾದ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಿಂದ ಬಂತು. ಅದನ್ನು ಬರೆದ ಗುಲ್ವಾಡಿ ವೆಂಕಟರಾಯರು ಮರುವರ್ಷವೇ ‘ಭಾಗೀರಥಿ’ ಪ್ರಕಟಿಸಿದರು. ‘ಇಂದಿರಾಬಾಯಿ’ಯ ಹೆಸರನ್ನು ಪ್ರತಿ ಸಾಹಿತ್ಯ ವಿದ್ಯಾರ್ಥಿಯೂ ಬಲ್ಲ, ‘ಭಾಗೀರಥಿ’ಯನ್ನು ಬಲ್ಲವರು ಕಡಿಮೆ. ಮೊದಲನೆಯದರ ನೆರಳಿನಲ್ಲಿ ಎರಡನೆಯದು ಬೆಳೆಯಬೇಕಾದ ಕಷ್ಟ ಕನ್ನಡ ಕಾದಂಬರಿಯಷ್ಟೇ ಹಳೆಯದು.

ಆ ನೆರಳನ್ನು ದಾಟಿದವರು ಏನು ಮಾಡಿದರು? ಕುವೆಂಪು ಬರೆದದ್ದು ಎರಡೇ ಕಾದಂಬರಿ. ‘ಕಾನೂರು ಹೆಗ್ಗಡಿತಿ’ 1936ರದು, ‘ಮಲೆಗಳಲ್ಲಿ ಮದುಮಗಳು’ 1967ರದು. ನಡುವೆ ಮೂವತ್ತೊಂದು ವರ್ಷ. ಆ ಅವಧಿಯಲ್ಲಿ ‘ಶ್ರೀರಾಮಾಯಣ ದರ್ಶನಂ’ ಬಂತು, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಹುದ್ದೆ ಬಂತು, ಹೋಯಿತು. ಮೊದಲನೆಯದರ ನಡುವೆ ಹೂವಯ್ಯ ಇದ್ದಾನೆ. ಓದಿದವನು, ಆದರ್ಶದವನು, ಬರೆದವರ ಕನಸಿಗೆ ಹತ್ತಿರದವನು. ಮಲೆನಾಡನ್ನು ನಾವು ಹೆಚ್ಚಾಗಿ ಅವನ ಎತ್ತರದಿಂದ ನೋಡುತ್ತೇವೆ. ಎರಡನೆಯದು ತೆರೆಯುವುದು ನಾಯಿಗುತ್ತಿಯೊಂದಿಗೆ. ಅವನ ಹಿಂದೆ ಅವನ ನಾಯಿ ಹುಲಿಯ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ, ಇವರೆಲ್ಲರ ಪ್ರೀತಿಗೂ ಅಲ್ಲಿ ಒಂದೇ ತೂಕ. ಕಾಡು ಅದೇ, ಮಳೆ ಅದೇ, ಮನೆಗಳೂ ಅಂಥವೇ. ಜಗಲಿಯಿಂದ ನೋಡುತ್ತಿದ್ದ ಕಣ್ಣು ಈಗ ಅಂಗಳಕ್ಕೆ, ಹಟ್ಟಿಗೆ, ಕಾಲುದಾರಿಗೆ ಇಳಿದಿದೆ. ಮೂವತ್ತೊಂದು ವರ್ಷ ಬೇಕಾದದ್ದು ಆ ಇಳಿಯುವಿಕೆಗೆ ಎಂದು ನನ್ನ ನಂಬಿಕೆ.

ಇದೇ ನಡಿಗೆಯನ್ನು ಬೇರೆ ರೀತಿಯಲ್ಲಿ ಲಂಕೇಶರಲ್ಲಿ ಕಾಣುತ್ತೇವೆ. 1967ರ ‘ಬಿರುಕು’ ಬಸವರಾಜ ಎಂಬ ಒಬ್ಬನ ಒಡೆದ ಮನಸ್ಸಿನ ಒಳಗೇ ಸುತ್ತುತ್ತದೆ. 1978ರ ‘ಮುಸ್ಸಂಜೆಯ ಕಥಾಪ್ರಸಂಗ’ದಲ್ಲಿ ಇಡೀ ಊರು ಮಾತಾಡುತ್ತದೆ, ರಂಗವ್ವನಂಥ ಹೆಂಗಸು ಕತೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಒಂದು ಅಗ್ರಹಾರ, ಒಂದು ಹೆಣ, ಒಬ್ಬ ಪ್ರಾಣೇಶಾಚಾರ್ಯ ಇಷ್ಟರಲ್ಲೇ ಉಸಿರು ಬಿಗಿಹಿಡಿಸಿತು. ಎಂಟು ವರ್ಷದ ನಂತರ ‘ಭಾರತೀಪುರ’ದ ಜಗನ್ನಾಥ ಹೊಲೆಯರನ್ನು ದೇವಸ್ಥಾನದೊಳಗೆ ಕರೆದೊಯ್ಯಲು ಹೊರಡುತ್ತಾನೆ. ಸಂಸ್ಕಾರದ ಬಿಗಿಯನ್ನು ಹುಡುಕಿ ಬಂದ ಓದುಗನಿಗೆ ಇದು ಸಡಿಲ ಅನಿಸಬಹುದು. ಆದರೆ ಅಗ್ರಹಾರದ ಕತೆಯಲ್ಲಿ ಅಂಚಿನಲ್ಲಿದ್ದವರು ಈ ಕತೆಯ ಪ್ರಶ್ನೆಯೇ ಆಗಿದ್ದಾರೆ. ಬಿಗಿಯನ್ನು ಬಿಟ್ಟುಕೊಟ್ಟು ಲೇಖಕ ಒಂದು ಊರನ್ನು ಪಡೆದ. ಆ ಕೊಡು-ಕೊಳ್ಳು ಸರಿಯಾದದ್ದೇ ಎಂದು ನಾನು ಭಾವಿಸುತ್ತೇನೆ.

ಹಾಗಾದರೆ ಎರಡನೆಯ ಕಾದಂಬರಿ ಯಾವಾಗಲೂ ಒಬ್ಬನಿಂದ ಹಲವರ ಕಡೆಗೆ ಹೋಗಬೇಕೆ? ಯಶವಂತ ಚಿತ್ತಾಲರು ಎದುರು ದಿಕ್ಕಿಗೆ ನಡೆದರು. 1964ರ ‘ಮೂರು ದಾರಿಗಳು’ ಉತ್ತರ ಕನ್ನಡದ ಒಂದು ಕುಟುಂಬದ ಕತೆ. ಊರಿನ ಬಾಯಿಗೆ ಬಲಿಯಾಗುವ ಹುಡುಗಿ ಅದರ ನಡುವೆ ಇದ್ದಾಳೆ. ಹದಿನೈದು ವರ್ಷದ ಮೇಲೆ, 1979ರಲ್ಲಿ, ಬಂದ ‘ಶಿಕಾರಿ’ಯಲ್ಲಿ ಮುಂಬಯಿಯ ಕಂಪನಿಯೊಂದರಲ್ಲಿ ಬೇಟೆಗೆ ಸಿಕ್ಕ ನಾಗಪ್ಪ ಒಬ್ಬನೇ. ಮೊದಲನೆಯದರಲ್ಲಿ ಲೇಖಕರು ತಾವು ಹುಟ್ಟಿದ ಸೀಮೆಯನ್ನು ನೋಡಿದರು, ಎರಡನೆಯದರಲ್ಲಿ ತಾವು ದುಡಿಯುತ್ತ ನಿಂತ ನೆಲವನ್ನು. ಮೊದಲ ಸಲ ಕಣ್ಣಿಗೆ ಬೀಳದೆ ಉಳಿದದ್ದು ಅವರ ಕಾಲ ಕೆಳಗೇ ಇತ್ತು.

ಮಾಸ್ತಿಯವರು ಇನ್ನೊಂದು ದಾರಿ. ಅವರ ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳೂ ಸಣ್ಣ ರಾಜ್ಯಗಳ ಪತನದ ಕತೆಗಳೇ. ‘ಚೆನ್ನಬಸವನಾಯಕ’ದಲ್ಲಿ ಬಿದನೂರು, 1956ರ ‘ಚಿಕವೀರ ರಾಜೇಂದ್ರ’ದಲ್ಲಿ ಕೊಡಗು. ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದಾಗ ಉತ್ತರ ಇನ್ನಷ್ಟು ತುಂಬಿಬಂತು. 1983ರ ಜ್ಞಾನಪೀಠ ಬಂದಾಗ ಜನ ನೆನೆದದ್ದು ಎರಡನೆಯದನ್ನು. ಆದ್ದರಿಂದ ವಸ್ತು ಬದಲಿಸಲೇಬೇಕು ಎಂಬ ಹಟ ಬೇಡ. ಒಂದು ಪ್ರಶ್ನೆ ಇನ್ನೂ ಕಾಡುತ್ತಿದ್ದರೆ ಅಲ್ಲಿ ಹಸಿ ಇದೆ ಎಂದೇ ಅರ್ಥ.

ಇಲ್ಲಿಂದ ಎರಡನೆಯ ಕಾದಂಬರಿಯ ಅನುಕೂಲಗಳು ತಾವಾಗಿ ಎದುರು ಬರುತ್ತವೆ. ಮುನ್ನೂರು ಪುಟ ದಾಟಿ ಕೊನೆ ಮುಟ್ಟಬಲ್ಲೆ ಎಂಬ ಭರವಸೆ ಈಗ ಕೈಯಲ್ಲಿದೆ. ನೂರನೆಯ ಪುಟದ ಹತ್ತಿರ ಎಲ್ಲವೂ ಸುಳ್ಳೆನಿಸುವ ದಿನ ಬರುತ್ತದೆ, ಅದು ಹೋಗುತ್ತದೆ ಎಂಬುದೂ ಗೊತ್ತಿದೆ. ತನ್ನ ಕತೆಯನ್ನು ಹೇಳಿಯಾದ್ದರಿಂದ ಬೇರೆಯವರ ಕತೆಗೆ ಕಿವಿ ಬಿಡುವಾಗಿದೆ. ಎಲ್ಲಕ್ಕಿಂತ ದೊಡ್ಡದು, ಈಗ ಓದುಗರಿದ್ದಾರೆ. ಅವರು ನಾವು ಬರೆದದ್ದನ್ನು ಓದುವುದರ ಜೊತೆಗೆ ಬರೆಯದೆ ಬಿಟ್ಟದ್ದನ್ನೂ ಓದುತ್ತಾರೆ.

5. ಕಲ್ಯಾಣದ ಮಣ್ಣಿನಲ್ಲಿ

ಈ ನೆಲದ ಕತೆಯನ್ನು ಹೇಳಲು ಬಿ. ಪುಟ್ಟಸ್ವಾಮಯ್ಯನವರಿಗೆ ಒಂದು ಕಾದಂಬರಿ ಸಾಲಲಿಲ್ಲ, ಎರಡೂ ಸಾಲಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಅವರು ಆರು ಕಾದಂಬರಿಗಳ ಮಾಲೆಯನ್ನೇ ಕೊಟ್ಟರು. ಅದರಲ್ಲಿನ ‘ಕ್ರಾಂತಿಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಕಲಬುರಗಿಯ ಗೀತಾ ನಾಗಭೂಷಣ ಅವರು 1968ರಲ್ಲಿ ‘ತಾವರೆಯ ಹೂವು’ ಎಂಬ ಕಾದಂಬರಿಯಿಂದ ಶುರುಮಾಡಿದರು. ಗಿರಣಿ ಕಾರ್ಮಿಕನ ಮಗಳು, ಬಡತನದಲ್ಲಿ ಓದಿದವರು. 2004ರಲ್ಲಿ ‘ಬದುಕು’ ಕಾದಂಬರಿಗೆ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ಮೂವತ್ತಾರು ವರ್ಷ ಕಳೆದಿದ್ದವು. ಆ ಹೆಣ್ಣುಮಗಳು ಮೊದಲನೆಯದಕ್ಕೋ ಎರಡನೆಯದಕ್ಕೋ ಕೈಸೋತು ನಿಂತಿದ್ದರೆ, ನಮ್ಮ ಭಾಗದ ಮಾತು ಇಷ್ಟು ಘನತೆಯಿಂದ ಪುಸ್ತಕದೊಳಗೆ ಬರುತ್ತಿರಲಿಲ್ಲ.

ಇವತ್ತು ಸಭೆಗೆ ಮುಂಚೆ ನಿಮ್ಮೂರಿನ ಚಾಲುಕ್ಯರ ಕಾಲದ ಶಿವಾಲಯಕ್ಕೆ ಹೋಗಿದ್ದೆ. ಅಲ್ಲಿ ನಿಂತಾಗ, ಹಿಂದೆ ಹುಮನಾಬಾದ್ ತಾಲೂಕಿನ ಜಲಸಂಗಿಗೆ ಹೋದದ್ದು ನೆನಪಾಯಿತು. ಜಲಸಂಗಿಯ ಗುಡಿಯ ಗೋಡೆಯ ಮೇಲೆ ಶಾಸನ ಬರೆಯುವ ಶಿಲಾಬಾಲಿಕೆ ಇದ್ದಾಳೆ, ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿರುವವಳು. ಅವಳನ್ನು ನೋಡಲು ಎಲ್ಲರೂ ಹೋಗುತ್ತಾರೆ. ನಾನು ಅವಳ ಪಕ್ಕದವರನ್ನೂ ನೋಡುತ್ತ ನಿಂತೆ. ಕಲ್ಲು ಅದೇ, ಅಳತೆ ಅದೇ, ಸುತ್ತಿನ ಕಂಬ-ಚಾಚುಗಳೂ ಅವೇ. ಆದರೂ ಒಬ್ಬೊಬ್ಬಳ ನಿಲುವು ಒಂದೊಂದು ಬಗೆ. ಒಂದು ಮೂರ್ತಿ ಚೆನ್ನಾಗಿ ಬಂದಿತೆಂದು ಆ ಶಿಲ್ಪಿಗಳು ಅದನ್ನೇ ಗೋಡೆ ತುಂಬ ಕೆತ್ತಲಿಲ್ಲ. ಉಳಿ ಕೆಳಗಿಡಲೂ ಇಲ್ಲ. ಪಕ್ಕದ ಕಲ್ಲಿಗೆ ಹೋದರು.

6. ಎಮ್ಮೆ ಕಾದವಳು

ಕೊನೆಗೆ ನನ್ನ ಎರಡನೆಯ ಕಾದಂಬರಿ ಹೇಗೆ ಹುಟ್ಟಿತು ಎಂದು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಬಂದು ನಾಲ್ಕು ವರ್ಷವಾಗಿತ್ತು. ಬರೆದದ್ದನ್ನೆಲ್ಲ ಹರಿದು ಹಾಕಿದ್ದೆ. ಒಂದು ಹಳ್ಳಿಯ ಶಾಲೆಯಲ್ಲಿ ಕಾರ್ಯಕ್ರಮ. ಮುಗಿದ ಮೇಲೆ ಒಬ್ಬ ಮುದುಕಿ ಬಂದು ನಿಂತಳು. ಅವಳಿಗೆ ಓದು ಬರುತ್ತಿರಲಿಲ್ಲ. ಮೊಮ್ಮಗಳು ರಾತ್ರಿ ಹೊತ್ತು ಇಡೀ ಕಾದಂಬರಿಯನ್ನು ಓದಿ ಹೇಳಿದ್ದಳಂತೆ. ಅವಳು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಕೇಳಿದ್ದು ಒಂದೇ: ‘ಆ ಹುಡುಗ ಹೈದರಾಬಾದಿಗಿ ಹೋದ ಮ್ಯಾಲ ಆ ಎಮ್ಮಿ ಯಾರು ಕಾಯ್ದ್ರು?’

ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ನನ್ನದೇ ಪುಸ್ತಕವನ್ನು ಮೊದಲಿನಿಂದ ಓದಿದೆ. ಹುಡುಗನಿಗೆ ಒಬ್ಬ ತಂಗಿ ಇದ್ದಳು. ನಾನೇ ಬರೆದಿದ್ದೆ. ಒಮ್ಮೆ ಅಣ್ಣನಿಗೆ ರೊಟ್ಟಿಯ ಗಂಟು ಕೊಡುತ್ತಾಳೆ, ಒಮ್ಮೆ ಪಾಟಿ ಒರೆಸುತ್ತ ಕೂತಿರುತ್ತಾಳೆ, ಒಮ್ಮೆ ಅವನು ಹೊರಟ ನಸುಕಿನಲ್ಲಿ ಬಾಗಿಲಲ್ಲಿ ನಿಂತಿರುತ್ತಾಳೆ. ಮೂರೇ ಕಡೆ. ಒಂಬತ್ತು ವರ್ಷ ನಾನು ಬಸ್ಸು ಹತ್ತುವವನನ್ನೇ ನೋಡುತ್ತಿದ್ದೆ. ಮರುದಿನ ಬೆಳಿಗ್ಗೆ ಎಮ್ಮೆಯ ಹಗ್ಗ ಆ ಹುಡುಗಿಯ ಕೈಗೆ ಹೋಗುತ್ತದೆ, ಅವಳ ಶಾಲೆ ಅಲ್ಲಿಗೆ ನಿಲ್ಲುತ್ತದೆ ಎಂದು ಒಂದು ಸಾಲನ್ನೂ ಬರೆದಿರಲಿಲ್ಲ. ಮುದುಕಿಗೆ ಅದು ತಕ್ಷಣ ಕಂಡಿತು. ಬಹುಶಃ ಅವಳ ಕೈಗೂ ಯಾರೋ ಎಂದೋ ಅಂಥ ಹಗ್ಗ ಕೊಟ್ಟು ಹೋಗಿದ್ದಿರಬೇಕು. ನಾನು ಆ ರಾತ್ರಿಯೇ ಬರೆಯಲು ಕೂತೆ.

ಈ ಉಪನ್ಯಾಸದ ದತ್ತಿಯನ್ನು ಇಟ್ಟ ಕುಟುಂಬದ ಹಿರಿಯರಲ್ಲಿ ನನ್ನದೊಂದು ವಿನಂತಿ. ಚೊಚ್ಚಲಿಗೆ ಹರಸುವವರು ನಾಡಿನಲ್ಲಿದ್ದಾರೆ. ಬೀದರ್ ಜಿಲ್ಲೆಯ ಒಬ್ಬ ಲೇಖಕನ ಅಥವಾ ಲೇಖಕಿಯ ಎರಡನೆಯ ಪುಸ್ತಕಕ್ಕೆ ವರ್ಷಕ್ಕೊಮ್ಮೆ ಒಂದು ಶಾಲು, ಒಂದು ಸಂಜೆ, ಇಪ್ಪತ್ತು ಜನ ಓದಿ ಬಂದ ಓದುಗರು, ಇಷ್ಟನ್ನು ನಾರಾಯಣಪುರ ಕೊಡಲಿ. ಹಣದ ಮೊತ್ತ ಸಣ್ಣದಾದರೂ ಆದೀತು. ಓದಿ ಬಂದವರು ಮಾತ್ರ ಇರಬೇಕು.

ನಿಮ್ಮಲ್ಲಿಯೂ ಒಂದು ಮಾತು ಕೇಳಿಕೊಳ್ಳುತ್ತೇನೆ. ಇನ್ನು ಮೇಲೆ ಯಾವ ಲೇಖಕ ಸಿಕ್ಕರೂ ಮುಂದಿನದು ಯಾವಾಗ ಎಂದು ಕೇಳಬೇಡಿ. ಆ ಮುದುಕಿಯ ಹಾಗೆ ಕೇಳಿ. ಎಮ್ಮೆ ಯಾರು ಕಾಯ್ದರು ಎಂದು ಕೇಳಿ.